ರಾಯಭಾರ ಕಚೇರಿಯ ಗೇಟಿಗೆ ಅಂಟಿಸಿದ ನೋಟೀಸು

ನೋಟೀಸು ತೆಗೆದುಕೊಳ್ಳದೆ ತಪ್ಪಿಸಿಕೊಳ್ಳುವವರಲ್ಲಿ ಎಷ್ಟು ಬಗೆ ಎಂದು ಅಮೀನರನ್ನು ಕೇಳಬೇಕು. ಕೋರ್ಟಿನ ಕಾಗದವನ್ನು ಮನೆಮನೆಗೆ ಮುಟ್ಟಿಸುವ ಕೆಲಸದಲ್ಲಿ ಮೂವತ್ತೊಂದು ವರ್ಷ ಸವೆದ ಜೀವ ಅದು. ಒಳಗೆ ಕೂತು ಊಟ ಮಾಡುತ್ತಲೇ ಮನೆಯಲ್ಲಿಲ್ಲ ಎಂದು ಮಕ್ಕಳ ಕೈಲಿ ಹೇಳಿಸುವವರು, ಹಿತ್ತಲ ಗೋಡೆ ಹಾರುವವರು, ತಾನು ತಾನಲ್ಲ, ತನ್ನ ಅಣ್ಣ ಎಂದು ಸಾಧಿಸುವವರು, ಎಲ್ಲರನ್ನೂ ಅವರು ಕಂಡಿದ್ದರು. ಇಂಥವರಿಗೆಲ್ಲ ಅವರ ಬಳಿ ಒಂದೇ ಮದ್ದು: ಮನೆಯಲ್ಲೇ ಕುದಿಸಿದ ಮೈದಾಹಿಟ್ಟಿನ ಅಂಟು, ಎರಡಿಂಚಿನ ಬ್ರಷ್ಷು, ಇಬ್ಬರು ಸಾಕ್ಷಿಗಳು. ತೆಗೆದುಕೊಳ್ಳುವುದಿಲ್ಲವೇ, ಸರಿ, ಬಾಗಿಲಿಗೆ ಅಂಟಿಸಿ, ಸಾಕ್ಷಿಗಳ ಸಹಿ ಹಾಕಿಸಿ, ನೋಟೀಸು ಜಾರಿಯಾಯಿತು ಎಂದು ಬರೆದುಬಿಡುವುದು. ಕಾನೂನೂ ಅದನ್ನು ಒಪ್ಪುತ್ತದೆ. ಅದಕ್ಕೇ ಕೋರ್ಟಿನಲ್ಲಿ ಅವರಿಗೆ ಅಂಟು ಅಮೀನ ಎಂದು ಹೆಸರು ಬಿದ್ದಿತ್ತು. ಹೆಸರಿನ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಆ ಹೆಮ್ಮೆಯೇ ಅವರನ್ನು ಬುಧವಾರ ಬೆಳಿಗ್ಗೆ ಒಂದು ಪರದೇಶದ ರಾಯಭಾರ ಕಚೇರಿಯ ಎದುರು ತಂದು ನಿಲ್ಲಿಸಿತ್ತು. ಹಸಿರು ಬಣ್ಣದ ಕಬ್ಬಿಣದ ಗೇಟು, ಅದರಲ್ಲಿ ಅಂಗೈಯಗಲದ ಕಿಟಕಿ. ಕಾವಲುಗಾರ ಕಿಟಕಿಯಿಂದ ಕಾಗದದ ಮೇಲಿನ ಮೊಹರನ್ನಷ್ಟೇ ನೋಡಿ, “ಕೋರ್ಟಿಂದು ಇಲ್ಲಿ ತಗೊಳ್ಳಲ್ಲ” ಎಂದ.

“ಯಾಕೆ ತಗೊಳ್ಳಲ್ಲ?”

“ತಗೊಳ್ಳಲ್ಲ ಅಷ್ಟೆ.” ಕಿಟಕಿ ಮುಚ್ಚಿತು.

ಅಮೀನರಿಗೆ ಪಿತ್ತ ನೆತ್ತಿಗೇರಿತು. ಇಂಥ ಎಷ್ಟು ಕಿಟಕಿಗಳನ್ನು ಕಂಡಿಲ್ಲ. ಎದುರಿನ ಫುಟ್‌ಪಾತಿನಲ್ಲಿ ಬೀಗದ ಕೈ ಮಾಡುವವನನ್ನೂ ಪೇಪರ್ ಮಾರುವವನನ್ನೂ ಕರೆದರು, ಡಬ್ಬಿ ತೆರೆದರು, ನೋಟೀಸಿನ ನಾಲ್ಕು ಮೂಲೆಗೂ ಅಂಟು ಸವರಿ ಹಸಿರು ಗೇಟಿನ ನಟ್ಟನಡುವೆ ಒತ್ತಿದರು. ಒಂದು ಸುಕ್ಕೂ ಉಳಿಯದಂತೆ ಅಂಗೈಯಿಂದ ನೀವಿದರು. ಸಾಕ್ಷಿಗಳು ಸಹಿ ಹಾಕಿದರು. ಹೊರಡುವ ಮುನ್ನ ಗೇಟಿನ ಸಂದಿಯಲ್ಲಿ ಒಮ್ಮೆ ಇಣುಕಿದರು. ಅಂಗಳದಲ್ಲಿ ಗುಬ್ಬಿಯ ಸುಳಿವಿರಲಿಲ್ಲ.

ಗುಬ್ಬಿ ಅವರ ಮೊಮ್ಮಗಳು. ಆರು ವರ್ಷ. ಮಗಳು ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವವಳು. ಏಳು ವರ್ಷದ ಹಿಂದೆ, ಕನ್ನಡಕಕ್ಕೆಂದು ಬಂದ ಈ ರಾಯಭಾರ ಕಚೇರಿಯ ಅಧಿಕಾರಿಯನ್ನೇ ಮೆಚ್ಚಿ ಮದುವೆಯಾದಳು. ಆತ ಪರದೇಶದವನಾದರೂ ಇಲ್ಲಿನ ಮಾತು ಕಲಿತ, ಅಮೀನರನ್ನು ಬಾಯ್ತುಂಬ ಮಾವ ಎಂದು ಕರೆದ. ಆದರೂ ಸಂಸಾರ ಹೊಂದಲಿಲ್ಲ. ಹೋದ ವರ್ಷದಿಂದ ಬೇರೆಬೇರೆ. ಮಗು ತಾಯಿಯ ಹತ್ತಿರ, ಭಾನುವಾರ ಮಾತ್ರ ಅಪ್ಪನ ಹತ್ತಿರ ಎಂದು ಮಾತಾಗಿತ್ತು. ಕಳೆದ ಭಾನುವಾರ ಕರೆದುಕೊಂಡು ಹೋದವನು ಸಂಜೆ ವಾಪಸು ಬಿಡಲಿಲ್ಲ. ಸೋಮವಾರ ಫೋನು ಮಾಡಿ, ತನಗೆ ಸ್ವಂತ ದೇಶಕ್ಕೆ ವರ್ಗವಾಗಿದೆ, ಶನಿವಾರ ಹೊರಡುತ್ತೇನೆ, ಗುಬ್ಬಿ ನನ್ನ ಜೊತೆ ಬರುತ್ತಾಳೆ, ಅಲ್ಲಿ ಶಾಲೆ ಚೆನ್ನಾಗಿದೆ ಎಂದ. ಆತನ ವಸತಿಯೂ ಕಚೇರಿಯ ಆವರಣದಲ್ಲೇ. ಮಗಳು ಗೇಟಿನವರೆಗೆ ಓಡಿದಳು, ಒಳಗೆ ಬಿಡಲಿಲ್ಲ. ಮಂಗಳವಾರ ಕೋರ್ಟಿಗೆ ಹೋದಳು. ಮಗುವನ್ನು ಗುರುವಾರ ಹಾಜರುಪಡಿಸಿ ಎಂದು ನ್ಯಾಯಾಧೀಶರು ನೋಟೀಸು ಹೊರಡಿಸಿದರು.

ಆ ನೋಟೀಸು ಬಂದದ್ದು ಇನ್ನೊಬ್ಬ ಅಮೀನನ ಪಾಲಿಗೆ. ಆತನನ್ನು ಎಲ್ಲರೂ ಕರೆಯುವುದು ನಿಧಾನಪ್ಪ ಎಂದು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, “ಇದು ವಿದೇಶಾಂಗ ಇಲಾಖೆ ಮೂಲಕ ಹೋಗಬೇಕೇನೋ, ಒಂದ್ ಮಾತು ಕೇಳಿ ನೋಡ್ತೀನಿ” ಎಂದು ಆತ ಮೇಜಿನ ಮೇಲಿಟ್ಟ. ಅಮೀನರಿಗೆ ತಡೆಯಲಾಗಲಿಲ್ಲ. “ನೀನು ಕೇಳಿ ಬರೋಷ್ಟರಲ್ಲಿ ನನ್ನ ಮೊಮ್ಮಗಳು ಹತ್ತನೇ ಕ್ಲಾಸ್ ಪಾಸಾಗಿರ್ತಾಳೆ” ಎಂದವರೇ ಕಾಗದ ಎತ್ತಿಕೊಂಡು ಹೊರಟಿದ್ದರು.

ಮಧ್ಯಾಹ್ನ ಅದೇ ಹೆಮ್ಮೆಯಲ್ಲಿ ಮಗಳ ಪರ ವಕೀಲೆಯ ಕೋಣೆಗೆ ಹೋದರು. ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿ, ಕೆಳಗಿನ ಯಂತ್ರದ ಬಿಸಿ ನೆಲಕ್ಕೆಲ್ಲ ಹತ್ತಿರುತ್ತಿತ್ತು. ಮಗಳು ಅಲ್ಲೇ ಕೂತಿದ್ದಳು. ವಕೀಲೆ ಜಾರಿಯ ವರದಿಯನ್ನು ಓದಿದಳು, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು.

“ಅಮೀನರೇ, ಆ ಗೇಟು ನಮ್ಮದಲ್ಲ.”

“ನಮ್ಮದಲ್ಲ ಅಂದ್ರೆ? ರಸ್ತೆ ಮೇಲೇ ಇದೆಯಲ್ಲ.”

“ರಸ್ತೆ ನಮ್ಮದು. ಗೇಟಿಗೆ ಬೆರಳು ತಾಗಿಸೋಕೂ ನಮ್ಮ ಕೋರ್ಟಿಗೆ ಅಧಿಕಾರ ಇಲ್ಲ. ಅವರು ಕರೀದೆ ಪೊಲೀಸರೂ ಒಳಗೆ ಕಾಲಿಡೋ ಹಾಗಿಲ್ಲ. ದೇಶ ದೇಶಗಳ ಮಧ್ಯೆ ಹಾಗಂತ ಒಪ್ಪಂದ ಆಗಿದೆ. ನಮ್ಮ ರಾಯಭಾರಿಗಳಿಗೂ ಅವರ ಊರಲ್ಲಿ ಅದೇ ರಕ್ಷಣೆ. ಕಾಗದ ಕೊಡೋದಿದ್ರೆ ನಮ್ಮ ವಿದೇಶಾಂಗ ಇಲಾಖೆ ಕೈಯಿಂದಲೇ ಕೊಡಿಸಬೇಕು. ನಿಧಾನಪ್ಪ ಹೇಳಲಿಲ್ವಾ?”

“ಹೇಳಿದ.”

“ಮತ್ತೆ?”

“ಅವನು ಎಲ್ಲಾದಕ್ಕೂ ಹಾಗೇ ಹೇಳ್ತಾನೆ.”

“ಸಾಲದ್ದಕ್ಕೆ ನೀವು ಮಗುವಿನ ತಾತ. ಸ್ವಂತ ಮಗಳ ಕೇಸಿನ ನೋಟೀಸನ್ನ ಸ್ವಂತ ಕೈಯಲ್ಲಿ ಅಂಟಿಸಿ ಬಂದಿದೀರಿ. ಎದುರು ಪಾರ್ಟಿಗೆ ಇಷ್ಟು ಒಳ್ಳೆ ಉಡುಗೊರೆ ನಾನು ಕೊಟ್ಟಿದ್ರೆ ನನ್ನ ಸನದು ಕಿತ್ಕೊಳ್ತಿದ್ರು.”

ಅಮೀನರ ಮುಖದಲ್ಲಿ ನೀರಿಳಿಯಿತು. ಮಗಳ ಕಡೆ ನೋಡುವ ಧೈರ್ಯವಾಗಲಿಲ್ಲ. ಮೂವತ್ತೊಂದು ವರ್ಷ ಎಲ್ಲರ ಬಾಗಿಲಲ್ಲೂ ನಡೆದ ವಿದ್ಯೆ, ಬೇಕಾದ ಒಂದೇ ಬಾಗಿಲಲ್ಲಿ ಕೈಕೊಟ್ಟಿತ್ತು.

ಸಂಜೆ ಮನೆಯಲ್ಲಿ ಫೋನು ಬಂತು. ಅಳಿಯನೇ. ಮಗಳು ಸ್ಪೀಕರಿಗೆ ಹಾಕಿದಳು. “ನಿಮ್ಮಪ್ಪ ನಮ್ಮ ಗೇಟಿಗೆ ಕಾಗದ ಅಂಟಿಸಿದ್ದಾರೆ. ನಮ್ಮ ರಾಯಭಾರಿಗಳು ತುಂಬಾ ಸಿಟ್ಟಾಗಿದ್ದಾರೆ, ನಿಮ್ಮ ಸರ್ಕಾರಕ್ಕೆ ಪ್ರತಿಭಟನೆ ಪತ್ರ ಹೋಗಿದೆ. ನನಗೆ ಶನಿವಾರದ ತನಕ ಕಾಯಬೇಡ ಅಂದ್ರು. ಶುಕ್ರವಾರ ಸಂಜೆ ಐದಕ್ಕೆ ವಿಮಾನ. ಗುಬ್ಬಿ ಮಾತಾಡ್ತಾಳಂತೆ.”

“ಅಮ್ಮಾ, ನನ್ನ ನೀಲಿ ಸ್ವೆಟರ್ ಕಳಿಸ್ತೀಯಾ? ಅಲ್ಲಿ ಚಳಿಯಂತೆ. ನೀನು ಯಾವಾಗ ಬರ್ತೀಯ?”

ಮಗಳು ಹೂಂ, ಕಳಿಸ್ತೀನಿ ಎಂದಷ್ಟೇ ಹೇಳಿ ಫೋನಿಟ್ಟಳು. ಅಳಲಿಲ್ಲ, ಕೂಗಾಡಲಿಲ್ಲ. ಅಡುಗೆಮನೆಗೆ ಹೋಗಿ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ತೊಳೆಯತೊಡಗಿದಳು. ಅವಳು ಬೈದಿದ್ದರೆ ಅಮೀನರಿಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯುವ ಕೆಲಸವನ್ನು ಹೆಂಡತಿ ವಹಿಸಿಕೊಂಡರು. “ಇಡೀ ಊರಿಗೆ ಅಂಟಿಸಿದ್ದು ಸಾಲಲಿಲ್ಲ ಅಂತ ಪರದೇಶಕ್ಕೂ ಅಂಟಿಸಿ ಬಂದ್ರಿ. ಒಂದು ದಿನ ಇದ್ದದ್ದನ್ನೂ ಕಳೆದ್ರಿ.” ಒಂದು ದಿನ ಎನ್ನುವುದು ಅಮೀನರ ಮನಸ್ಸಿಗೆ ಅಂಟಿಕೊಂಡುಬಿಟ್ಟಿತು. ತಪ್ಪು ತನ್ನದೇ, ಶಿಕ್ಷೆ ಮಾತ್ರ ಆ ಮಗುವಿಗೆ, ಮಗಳಿಗೆ.

ಗುರುವಾರ ಕೋರ್ಟ್ ಹಾಲ್ ಕಿಕ್ಕಿರಿದಿತ್ತು. ರಾಯಭಾರ ಕಚೇರಿಯಿಂದ ನರಪಿಳ್ಳೆಯೂ ಬಂದಿರಲಿಲ್ಲ. ಅವರು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ, ಇಲ್ಲಿನ ಕೋರ್ಟಿಗೆ ಉತ್ತರ ಕೊಡುವುದೇ ತಮ್ಮ ಘನತೆಗೆ ಕಮ್ಮಿ ಎನ್ನುವವರು ಎಂದು ವಕೀಲೆ ಮೊದಲೇ ಹೇಳಿದ್ದಳು. ಬಂದಿದ್ದವರು ನಮ್ಮದೇ ಸರ್ಕಾರದ ವಕೀಲರು. ಅವರ ಕೈಯಲ್ಲಿ ವಿದೇಶಾಂಗ ಇಲಾಖೆಯ ಒಂದು ಪ್ರಮಾಣಪತ್ರ.

“ತಂದೆ ರಾಯಭಾರ ವರ್ಗದ ಅಧಿಕಾರಿ, ಮಗು ಅವರ ಕುಟುಂಬದ ಸದಸ್ಯೆ ಅಂತ ಇಲಾಖೆ ದೃಢೀಕರಿಸಿದೆ” ಎಂದರು ಸರ್ಕಾರಿ ವಕೀಲರು. “ಇಬ್ಬರ ಮೇಲೂ ಈ ನ್ಯಾಯಾಲಯದ ಅಧಿಕಾರ ನಡೆಯೋದಿಲ್ಲ. ಜೊತೆಗೆ ಒಂದು ವಿಷಯ ಗಮನಕ್ಕೆ ತರಬೇಕು. ಮುಂದಿನ ತಿಂಗಳು ಆ ದೇಶದ ಜೊತೆ ಬಂದರಿನ ಬಗ್ಗೆ ಮಾತುಕತೆ ಇದೆ. ನಿನ್ನೆ ಗೇಟಿಗೆ ಅಂಟಿಸಿದ ಪ್ರಕರಣದಿಂದ ಈಗಾಗಲೇ ಮುಜುಗರ ಆಗಿದೆ.”

ನ್ಯಾಯಾಧೀಶರು ವಯಸ್ಸಾದ ಹೆಂಗಸು, ಮೆಲುದನಿ. “ಅಂಟಿಸಿದವರು ಯಾರು?” ಎಂದು ಕೇಳಿದರು.

ಅಮೀನರು ಎದ್ದು ನಿಂತರು. “ನಾನೇ, ಮೇಡಂ.”

“ಯಾಕೆ ಅಂಟಿಸಿದ್ರಿ?”

“ಅಭ್ಯಾಸ, ಮೇಡಂ.”

ಹಿಂದಿನ ಬೆಂಚುಗಳಲ್ಲಿ ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ನಗಲಿಲ್ಲ. “ಬರೀ ಅಭ್ಯಾಸನಾ?”

“ಅಲ್ಲ ಮೇಡಂ. ಹೆದರಿಕೆ.”

ನ್ಯಾಯಾಧೀಶರು ಏನೋ ಬರೆದುಕೊಂಡರು. ಈ ಜಾರಿ ಜಾರಿಯೇ ಅಲ್ಲ, ಅಮೀನರ ಮೇಲೆ ಇಲಾಖಾ ವಿಚಾರಣೆ ನಡೆಯಲಿ, ಅಲ್ಲಿಯವರೆಗೆ ಅಮಾನತು ಎಂದರು. ಅಮೀನರಿಗೆ ಆ ಮಾತು ಮುಟ್ಟಲೇ ಇಲ್ಲ. ಅವರ ಕಿವಿಯೆಲ್ಲ ಮುಂದಿನ ಮಾತಿನ ಮೇಲೆ.

ವಕೀಲೆ ಎದ್ದು ಹೇಳಿದ್ದು ಸ್ವಲ್ಪವೇ. ಕುಟುಂಬದವರಿಗೂ ರಕ್ಷಣೆ ಇದೆ, ನಿಜ. ಆದರೆ ಆ ಒಪ್ಪಂದದಲ್ಲೇ ಒಂದು ಸಾಲಿದೆ, ಮನೆಯವರು ಇದೇ ದೇಶದ ಪ್ರಜೆಗಳಾಗಿದ್ದರೆ ರಕ್ಷಣೆ ಅವರಿಗೆ ಅನ್ವಯಿಸುವುದಿಲ್ಲ. ಗುಬ್ಬಿ ಹುಟ್ಟಿದ್ದು ಇಲ್ಲಿ, ಇಲ್ಲಿಯ ತಾಯಿಗೆ. ಜನನ ಪತ್ರ ಇಗೋ.

“ಇಲಾಖೆಯ ಪತ್ರದಲ್ಲಿ ಮಗುವಿನ ಪೌರತ್ವದ ಬಗ್ಗೆ ಏನಿದೆ?” ಎಂದು ನ್ಯಾಯಾಧೀಶರು ಕೇಳಿದರು.

ಸರ್ಕಾರಿ ವಕೀಲರು ಹಾಳೆ ತಿರುಗಿಸಿದರು. ಮತ್ತೆ ತಿರುಗಿಸಿದರು. “ಅದರ ಬಗ್ಗೆ ಇಲಾಖೆ ಏನೂ ಹೇಳಿಲ್ಲ. ವಿದೇಶಾಂಗ ವ್ಯವಹಾರದಲ್ಲಿ ಇಲಾಖೆಯ ಮಾತನ್ನ ನ್ಯಾಯಾಲಯಗಳು ಒಪ್ಪಿಕೊಂಡು ಬಂದಿವೆ.”

“ನಾಳೆ ಹನ್ನೊಂದಕ್ಕೆ ಆದೇಶ” ಎಂದು ನ್ಯಾಯಾಧೀಶರು ಎದ್ದರು.

ಆ ರಾತ್ರಿಯ ಮಾತು ಬೇಡ. ಮನೆಯಲ್ಲಿ ಮೂವರೂ ಕಣ್ಣು ಮುಚ್ಚಲಿಲ್ಲ, ಒಬ್ಬರಿಗೊಬ್ಬರು ನಿದ್ದೆ ಬಂದವರಂತೆ ನಟಿಸಿದರು, ಅಷ್ಟೆ.

ಶುಕ್ರವಾರ ಹನ್ನೊಂದು ಗಂಟೆಗೆ ನ್ಯಾಯಾಧೀಶರು ಅದೇ ಮೆಲುದನಿಯಲ್ಲಿ ಓದಿದರು. ಅಮೀನರು ಮುಂದಿನ ಬೆಂಚಿನ ಅಂಚು ಹಿಡಿದುಕೊಂಡಿದ್ದರು. ಯಾರು ರಾಯಭಾರ ವರ್ಗದವರು ಎಂದು ಹೇಳುವುದು ಸರ್ಕಾರದ ಕೆಲಸ, ಆ ಮಾತನ್ನು ನ್ಯಾಯಾಲಯ ಒಪ್ಪುತ್ತದೆ. ತಂದೆಯನ್ನು ಕರೆಸಲು, ತಡೆಯಲು, ಮುಟ್ಟಲು ಈ ನ್ಯಾಯಾಲಯಕ್ಕೆ ಅಧಿಕಾರವಿಲ್ಲ. ಬೇರೆ ದೇಶದ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಸರ್ಕಾರಕ್ಕೆ ಪಾಠ ಹೇಳುವುದೂ ಈ ನ್ಯಾಯಾಲಯದ ಕೆಲಸವಲ್ಲ. ಆದರೆ ಈ ದೇಶದ ಪ್ರಜೆ ಯಾರು ಎಂಬುದನ್ನು ಕಾನೂನು ಹೇಳುತ್ತದೆ, ಇಲಾಖೆಯ ಪತ್ರ ಹೇಳುವುದಿಲ್ಲ. ಮಗು ಇಲ್ಲಿಯ ಪ್ರಜೆ. ಬಂದರಿನ ಮಾತುಕತೆಗೂ ಆ ಮಗುವಿಗೂ ಸಂಬಂಧವಿಲ್ಲ. ಆದ್ದರಿಂದ ವಿಮಾನ ನಿಲ್ದಾಣದ ವಲಸೆ ಅಧಿಕಾರಿಗಳು, ಅವರು ನಮ್ಮವರೇ, ಮಗುವನ್ನು ದೇಶ ಬಿಡಲು ಬಿಡಬಾರದು.

ಮಗಳು ಅಪ್ಪನ ತೋಳು ಹಿಡಿದುಕೊಂಡಳು. ಎರಡು ದಿನದ ಮೇಲೆ ಮೊದಲ ಸಲ ಅವರನ್ನು ಮುಟ್ಟಿದ್ದು. ವಕೀಲೆ ಮಾತ್ರ ಗಡಿಯಾರ ನೋಡಿದಳು. ಆದೇಶ ಟೈಪಾಗಬೇಕು, ಸಹಿಯಾಗಬೇಕು, ಮೊಹರು ಬೀಳಬೇಕು, ಐದರೊಳಗೆ ವಿಮಾನ ನಿಲ್ದಾಣ ಮುಟ್ಟಬೇಕು. ಮುಟ್ಟಿಸಬೇಕಾದವನು ನಿಧಾನಪ್ಪ.

ಒಂದೂವರೆಗೆ ಪ್ರತಿ ಕೈಗೆ ಬಂತು. ನಿಧಾನಪ್ಪ ಗ್ಯಾಲರಿಯ ಬೆಂಚಿನಲ್ಲಿ ಕೂತು ಮೊದಲ ಪುಟದಿಂದ ಓದತೊಡಗಿದ.

“ದಾರೀಲಿ ಓದೋ ಮಾರಾಯ” ಎಂದರು ಅಮೀನರು.

“ನಾಲ್ಕನೇ ಪುಟಕ್ಕೆ ಮೊಹರೇ ಬಿದ್ದಿಲ್ಲ” ಎಂದ ನಿಧಾನಪ್ಪ. ಎದ್ದು ಮತ್ತೆ ಒಳಗೆ ಹೋದ. ಮೊಹರು ಹಾಕುವವನು ಊಟಕ್ಕೆ ಹೋಗಿದ್ದ. ಅಮೀನರು ಆ ಮುಕ್ಕಾಲು ಗಂಟೆ ಗ್ಯಾಲರಿಯ ಉದ್ದಕ್ಕೂ ಶತಪಥ ತಿರುಗಿದರು. ಒಂದು ಪುಟ, ಒಂದು ಮೊಹರು, ಯಾರು ನೋಡುತ್ತಾರೆ? ತಾವಾಗಿದ್ದರೆ ಈಗಾಗಲೇ ವಿಮಾನ ನಿಲ್ದಾಣದಲ್ಲಿರುತ್ತಿದ್ದರು. ಈ ಯೋಚನೆ ಬಂದ ತಕ್ಷಣ ಅವರಿಗೆ ಹಸಿರು ಗೇಟು ನೆನಪಾಯಿತು. ಎರಡೂ ಕಾಲಿಗೆ ನಿಧಾನಪ್ಪ ಹೊರಬಂದು, “ನೀವೂ ಬನ್ನಿ. ಮಗು ಇದೇ ಅಂತ ಗುರುತು ಹಿಡಿಯೋಕೆ ಒಬ್ಬರು ಬೇಕು. ಮಗುವನ್ನ ಒಪ್ಪಿಸಿಕೊಳ್ಳೋಕೆ ತಾಯಿ ಇರಬಹುದು ಅಂತ ಆದೇಶದಲ್ಲೇ ಇದೆ” ಎಂದ.

ನಾಲ್ವರೂ ವಕೀಲೆಯ ಕಾರಿನಲ್ಲಿ ಹೊರಟರು. ದಾರಿಯಲ್ಲಿ ಒಂದು ಲಾರಿ ಅಡ್ಡಬಿದ್ದಿತ್ತು, ಇಪ್ಪತ್ತೈದು ನಿಮಿಷ ಅಲ್ಲೇ ಹೋಯಿತು. ನಿಲ್ದಾಣ ತಲುಪಿದಾಗ ಮೂರೂ ಮುಕ್ಕಾಲು. ವಲಸೆ ಅಧಿಕಾರಿ ತೆಳ್ಳಗಿನ ಮನುಷ್ಯ, ಆದೇಶವನ್ನು ಎರಡು ಬೆರಳಲ್ಲಿ ಹಿಡಿದು ಪ್ರತಿ ಪುಟದ ಮೊಹರನ್ನೂ ಬೆಳಕಿಗೆ ಒಡ್ಡಿ ನೋಡಿದ. ನಾಲ್ಕನೇ ಪುಟದಲ್ಲಿ ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. ಅಮೀನರು ನಿಧಾನಪ್ಪನ ಬೆನ್ನಿನ ಮೇಲೆ ಕೈಯಿಟ್ಟರು. ಅದಕ್ಕಿಂತ ಹೆಚ್ಚು ಕ್ಷಮೆ ಕೇಳಲು ಅವರಿಗೆ ಬರುತ್ತಿರಲಿಲ್ಲ.

“ಮಗುವನ್ನ ತಡೀತೀನಿ” ಎಂದ ಅಧಿಕಾರಿ. “ಅವರನ್ನ ತಡಿಯೋ ಹಾಗಿಲ್ಲ, ಅವರ ಮೈ ಮುಟ್ಟೋ ಹಾಗೂ ಇಲ್ಲ. ನೀವು ಆ ಹಳದಿ ಗೆರೆ ದಾಟಬೇಡಿ.”

ನಾಲ್ಕೂ ಹತ್ತಕ್ಕೆ ಅಳಿಯ ಬಂದ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಗುಬ್ಬಿಯ ಕೈ. ಅವಳು ಗೆರೆಯ ಆಚೆಯಿಂದಲೇ “ಅಮ್ಮಾ” ಎಂದು ಕುಣಿದಳು, ಓಡಿ ಬರಲು ನೋಡಿದಳು. ಅಪ್ಪನ ಕೈ ಬಿಡಲಿಲ್ಲ. ಅಮೀನರು, “ಇವಳೇ” ಎಂದು ಗುರುತು ಹೇಳಿದರು.

ಅಧಿಕಾರಿ ವಿನಯದಿಂದಲೇ ತಿಳಿಸಿದ. “ಸರ್, ನೀವು ಹೋಗಬಹುದು. ಮಗು ಹೋಗೋ ಹಾಗಿಲ್ಲ.”

“ನಾನು ಇವಳ ಕೈ ಬಿಡಲ್ಲ” ಎಂದ ಅಳಿಯ. “ನನ್ನ ಕೈ ಬಿಡಿಸೋಕೆ ನಿಮಗೆ ಅಧಿಕಾರ ಇಲ್ಲ.”

ಇರಲಿಲ್ಲ. ಅಧಿಕಾರಿ ಎರಡು ಹೆಜ್ಜೆ ಹಿಂದೆ ನಿಂತ. ಪೊಲೀಸರಿಬ್ಬರು ಕೈಕಟ್ಟಿ ನಿಂತರು. ವಕೀಲೆ ಅಮೀನರ ಕಿವಿಯಲ್ಲಿ, “ಹೀಗೇ ಹಿಡ್ಕೊಂಡು ವಾಪಸ್ ರಾಯಭಾರ ಕಚೇರಿಗೆ ಹೋದ್ರೆ ಮುಗೀತು. ಗೇಟಿನ ಒಳಗೆ ಹೋದ ಮಗುವನ್ನ ಯಾವ ಆದೇಶವೂ ಹೊರಗೆ ತರಲ್ಲ” ಎಂದಳು. ಇಷ್ಟೆಲ್ಲ ಮೊಹರು, ಇಷ್ಟೆಲ್ಲ ಒಪ್ಪಂದ, ಕೊನೆಗೆ ಎಲ್ಲ ನಿಂತಿದ್ದು ಐದು ಬೆರಳಿನ ಮೇಲೆ.

ಹೊತ್ತು ಸರಿಯಿತು. ಧ್ವನಿವರ್ಧಕದಲ್ಲಿ ವಿಮಾನದ ಕರೆ ಬಂತು, ಎರಡನೇ ಕರೆಯೂ ಬಂತು. ಅಳಿಯನ ಹಣೆ ಬೆವರಿತ್ತು. ಆತ ಒಮ್ಮೆ ಮುಂದಿನ ಬಾಗಿಲು ನೋಡುತ್ತಿದ್ದ, ಒಮ್ಮೆ ಹಿಂದಿನದು. ಗುಬ್ಬಿ ಒಂದು ಕಾಲ ಮೇಲೆ ಇನ್ನೊಂದು ಕಾಲು ಹಾಕಿ ನಿಂತಳು, ಆಮೇಲೆ ಕಾಲು ಬದಲಿಸಿದಳು.

“ಅಪ್ಪಾ, ಒಂದಕ್ಕೆ.”

“ಸ್ವಲ್ಪ ತಡ್ಕೋ.”

“ಆಗಲೇ ತಡ್ಕೊಂಡೆ. ಆಗಲ್ಲ.”

ಹೆಂಗಸರ ಶೌಚಾಲಯದ ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು, ಗೆರೆಯ ಈಚೆ. ಅಳಿಯ ಅದನ್ನು ನೋಡಿದ. ಗುಬ್ಬಿಯನ್ನು ನೋಡಿದ. ಕೈ ಬಿಟ್ಟರೆ ಏನಾಗುತ್ತದೆಂದು ಆತನಿಗೂ ಗೊತ್ತಿತ್ತು, ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗುಬ್ಬಿಗೊಬ್ಬಳಿಗೆ ಗೊತ್ತಿರಲಿಲ್ಲ. ಆತ ಮಂಡಿಯೂರಿ ಕೂತು ಅವಳ ಕೆನ್ನೆಗೆ ಮುತ್ತಿಟ್ಟ. “ಅಮ್ಮನ ಜೊತೆ ಹೋಗಿ ಬಾ” ಎಂದು ಬೆರಳು ಸಡಿಲಿಸಿದ.

ತಾಯಿ ಮಗು ಒಳಗೆ ಹೋದರು. ಅಳಿಯ ಎದ್ದು ನಿಂತು, ಯಾರ ಮುಖವನ್ನೂ ನೋಡದೆ, “ಮಾವ, ಅವಳು ಮಧ್ಯಾಹ್ನ ಏನೂ ತಿಂದಿಲ್ಲ” ಎಂದ. ಅಮೀನರು ತಲೆಯಾಡಿಸಿದರು. ಆತ ಬ್ಯಾಗು ಎತ್ತಿಕೊಂಡು ಮುಂದಿನ ಬಾಗಿಲ ಕಡೆ ನಡೆದುಹೋದ. ಅಮೀನರಿಗೆ ಆಗ ಅನಿಸಿದ್ದು ಸಂತೋಷವೇ, ಸುಳ್ಳು ಯಾಕೆ. ಗೆದ್ದೆವು ಎಂದೇ ಅನಿಸಿತು.

ಗುಬ್ಬಿ ಒದ್ದೆ ಕೈ ಒದರುತ್ತಾ ಹೊರಗೆ ಬಂದಳು. ಅಪ್ಪ ನಿಂತಿದ್ದ ಜಾಗ ನೋಡಿದಳು. ಸಾಲಿನ ಕೊನೆಯವರೆಗೂ ಕಣ್ಣಾಡಿಸಿದಳು.

“ಅಪ್ಪ ಎಲ್ಲಿ?”

ಅಮೀನರೇ ಬಗ್ಗಿ ಹೇಳಿದರು. “ಅಪ್ಪ ವಿಮಾನಕ್ಕೆ ಹೋದ್ರು, ಕಂದ.”

“ನನ್ನ ಬಿಟ್ಟು? ನೀವ್ಯಾರೂ ನಿಲ್ಲಿಸಲಿಲ್ವಾ?”

“ಅವರನ್ನ ನಿಲ್ಲಿಸೋ ಅಧಿಕಾರ ಯಾರಿಗೂ ಇಲ್ಲಮ್ಮ. ಪೊಲೀಸರಿಗೂ ಇಲ್ಲ. ಜಡ್ಜಿಗೂ ಇಲ್ಲ.”

ಗುಬ್ಬಿ ಮತ್ತೊಮ್ಮೆ ಅಪ್ಪ ನಿಂತಿದ್ದ ಜಾಗ ನೋಡಿದಳು.

“ಹೋಗಬೇಡಿ ಅಂತ ಕೇಳೋಕೂ ಅಧಿಕಾರ ಬೇಕಾ, ತಾತ?”

ಅಮೀನರು ಮಗಳ ಕಡೆ ನೋಡಿದರು. ಅವಳು ಮುಖ ಆಚೆ ತಿರುಗಿಸಿದಳು.

“ಬೇಡ” ಎಂದರು ಅಮೀನರು. “ನಮಗೆ ಯಾರಿಗೂ ಹೊಳೀಲಿಲ್ಲ.”